ಅರವತ್ತು ಹಾಳೆ, ಒಂದೇ ಗೈಡಿನ ಉತ್ತರ: ಪದವಿ ಸೇರಿದ ಮಕ್ಕಳಿಗೆ ಇಂಗ್ಲಿಷ್ ಬರವಣಿಗೆ ಕಲಿಸುವುದು ಎಲ್ಲಿಂದ?

ಪ್ರಶ್ನೆ: ನಾನು ಯಾದಗಿರಿ ಜಿಲ್ಲೆಯ ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಇಂಗ್ಲಿಷ್ ಅತಿಥಿ ಉಪನ್ಯಾಸಕಿ. ಮೊದಲ ಸೆಮಿಸ್ಟರ್ ಬಿ.ಎ., ಬಿ.ಕಾಂ. ಸೇರಿ ತರಗತಿಯಲ್ಲಿ ಅರವತ್ತು ಜನ. ಹೆಚ್ಚಿನವರು ಹತ್ತನೇತನಕ, ಕೆಲವರು ಪಿಯುಸಿತನಕವೂ ಕನ್ನಡ ಮಾಧ್ಯಮದಲ್ಲಿ ಓದಿದವರು. ಅಸೈನ್‌ಮೆಂಟ್ ಕೊಟ್ಟರೆ ಗೈಡಿನಿಂದಲೋ ಮೊಬೈಲಿನಿಂದಲೋ ಇಳಿಸಿಕೊಂಡು ಬರುತ್ತಾರೆ, ಕೈಬರಹ ಮಾತ್ರ ಬೇರೆ ಬೇರೆ. ಸ್ವಂತ ಬರೆಯಿರಿ ಅಂದರೆ ನಾಲ್ಕು ಸಾಲಿಗೆ ನಿಂತುಬಿಡುತ್ತಾರೆ. ಟೆನ್ಸ್, ಆರ್ಟಿಕಲ್, ಪ್ರಿಪೊಸಿಷನ್ ಹೇಳಿಕೊಡುವುದರಲ್ಲೇ ಸೆಮಿಸ್ಟರ್ ಮುಗಿಯುತ್ತದೆ. ಇವರಲ್ಲಿ ಕೆಲವರು ಮುಂದೆ ಕಲಬುರಗಿಗೆ ಸ್ನಾತಕೋತ್ತರ ಓದಲು ಹೋಗುತ್ತಾರೆ. ಅಲ್ಲಿ ಸೆಮಿನಾರ್ ಪೇಪರ್, ಪ್ರಾಜೆಕ್ಟ್ ರಿಪೋರ್ಟ್ ಇಂಗ್ಲಿಷಿನಲ್ಲಿ ಬರೆಯಬೇಕಾಗುತ್ತದೆ. ನಾನು ಎಲ್ಲಿಂದ ಶುರು ಮಾಡಲಿ?

ಉತ್ತರ: ಮೇಡಂ, ಮೊದಲ ಆರು ವಾರ ಟೆನ್ಸು, ಆರ್ಟಿಕಲ್ಲು ಪಕ್ಕಕ್ಕಿಟ್ಟುಬಿಡಿ. ವ್ಯಾಕರಣಕ್ಕೆ ಮುಂದೆ ಬರುತ್ತೇನೆ, ಅದೂ ಬೇಕು. ಆದರೆ ನಿಮ್ಮ ಮಕ್ಕಳು ನಾಲ್ಕು ಸಾಲಿಗೆ ನಿಲ್ಲುತ್ತಿರುವುದಕ್ಕೆ ವ್ಯಾಕರಣ ಕಾರಣ ಎಂದು ನನಗನ್ನಿಸುವುದಿಲ್ಲ. ಐದನೇ ಸಾಲಿನಲ್ಲಿ ಏನು ಬರೆಯಬೇಕು ಅನ್ನುವುದನ್ನು ಅವರಿಗೆ ಯಾರೂ ತೋರಿಸಿಕೊಟ್ಟಿಲ್ಲ. ಒಂದು ಮಾತು ಹೇಳಿದರೆ ಅದಕ್ಕೆ ಆಧಾರ ಕೊಡಬೇಕು, ಆಧಾರ ಎಲ್ಲಿಂದ ಸಿಕ್ಕಿತು ತಿಳಿಸಬೇಕು, ಆ ಮಾತು ಎಷ್ಟು ಖಚಿತ ಅನ್ನುವುದನ್ನೂ ಓದುವವರಿಗೆ ಗೊತ್ತುಮಾಡಬೇಕು. ವಿಶ್ವವಿದ್ಯಾಲಯದ ಬರವಣಿಗೆಯಲ್ಲಿ ಬಹುಪಾಲು ಕೆಲಸ ಇದೇ. ಇದನ್ನು ಹತ್ತನೇ ತರಗತಿಯ ಪರೀಕ್ಷೆ ಕೇಳುವುದಿಲ್ಲ, ಪಿಯುಸಿ ಪರೀಕ್ಷೆಯೂ ಕೇಳುವುದಿಲ್ಲ. ಗೈಡಿನಲ್ಲಿದ್ದದ್ದನ್ನು ಇದ್ದ ಹಾಗೆ ಇಳಿಸಿದವರಿಗೆ ಅಲ್ಲಿ ಪೂರ್ತಿ ಅಂಕ. ಅಷ್ಟು ವರ್ಷ ಯಾವುದಕ್ಕೆ ಬೆನ್ನು ತಟ್ಟಿದೆವೋ ಅದನ್ನೇ ಪದವಿಗೆ ಬಂದ ಮೊದಲ ತಿಂಗಳಲ್ಲಿ ಕಳ್ಳತನ ಅಂದರೆ ಹುಡುಗರಿಗೆ ದಿಕ್ಕು ತಪ್ಪಿದ ಹಾಗಾಗುತ್ತದೆ. ಅವರ ಮೇಲೆ ಸಿಟ್ಟು ಮಾಡಿಕೊಳ್ಳುವ ಮೊದಲು ಇದನ್ನು ನೆನಪಿಟ್ಟುಕೊಳ್ಳಿ.

ಇನ್ನೊಂದು ಸಂಗತಿಯೂ ತಿಳಿದಿರಲಿ. ಕೆನಡಾದ ಭಾಷಾ ಶಿಕ್ಷಣ ಸಂಶೋಧಕ ಜಿಮ್ ಕಮಿನ್ಸ್ ಅವರು 1979ರಲ್ಲಿ ದಿನಬಳಕೆಯ ಮಾತಿನ ಭಾಷೆ ಬೇರೆ, ಓದುಬರಹದ ಭಾಷೆ ಬೇರೆ ಎಂದು ವಿಂಗಡಿಸಿ ತೋರಿಸಿದರು. ವಲಸೆ ಬಂದ ಮಕ್ಕಳಿಗೆ ಮಾತಿನ ಇಂಗ್ಲಿಷ್ ಸುಮಾರು ಎರಡು ವರ್ಷಕ್ಕೆ ಬಂದರೆ, ಓದುಬರಹದ ಇಂಗ್ಲಿಷಿನಲ್ಲಿ ಜೊತೆಯವರ ಸಮಕ್ಕೆ ಬರಲು ಐದರಿಂದ ಏಳು ವರ್ಷ ಹಿಡಿಯುತ್ತದೆ ಎಂಬುದು ಅವರು ಕಂಡುಕೊಂಡದ್ದು. ಆ ಮಕ್ಕಳ ಸುತ್ತಮುತ್ತ ಇಡೀ ದಿನ ಇಂಗ್ಲಿಷ್ ಇತ್ತು. ನಿಮ್ಮ ಮಕ್ಕಳಿಗೆ ಇಂಗ್ಲಿಷ್ ಸಿಗುವುದು ವಾರಕ್ಕೆ ನಾಲ್ಕು ಪೀರಿಯಡ್. ಹಾಗಾಗಿ ಒಂದು ಸೆಮಿಸ್ಟರ್‌ನಲ್ಲಿ ಭಾಷೆ ಪೂರ್ತಿ ಕೈಗೆ ಬರುತ್ತದೆ ಎಂದು ನೀವೂ ನಿರೀಕ್ಷಿಸಬೇಡಿ, ಅವರಿಗೂ ಮಾತು ಕೊಡಬೇಡಿ. ಬಸ್ ಸ್ಟ್ಯಾಂಡ್ ಗೋಡೆಯ ಮೇಲಿನ ‘ಮೂವತ್ತು ದಿನಕ್ಕೆ ಇಂಗ್ಲಿಷ್’ ಜಾಹೀರಾತು ಅಂಥ ಮಾತು ಕೊಟ್ಟು ನಮ್ಮ ಹುಡುಗರ ಆತ್ಮವಿಶ್ವಾಸಕ್ಕೆ ಬಹಳ ಪೆಟ್ಟು ಹಾಕಿದೆ. ಆದರೆ ಒಂದು ಪ್ಯಾರಾ ಕಟ್ಟುವ ಬಗೆಯನ್ನು ಒಂದು ಸೆಮಿಸ್ಟರ್‌ನಲ್ಲಿ ಖಂಡಿತ ಕಲಿಸಬಹುದು. ಒಂದು ಗಟ್ಟಿ ಪ್ಯಾರಾ ಬಂದರೆ ಸೆಮಿನಾರ್ ಪೇಪರಿಗೆ ದಾರಿಯಾಯಿತು.

ಹೇಗೆ ಎಂಬುದನ್ನು ಒಂದೇ ವಿಷಯ ಹಿಡಿದು ತೋರಿಸುತ್ತೇನೆ. ನಿಮ್ಮ ಭಾಗದಲ್ಲಿ ಭತ್ತ, ಹತ್ತಿಯೂ ಇವೆ, ಆದರೂ ತೊಗರಿಯನ್ನೇ ತೆಗೆದುಕೊಳ್ಳೋಣ. ಅದರ ಬಗ್ಗೆ ಮಾತಾಡಲು ಬಾರದ ಹುಡುಗ ಯಾದಗಿರಿ, ಕಲಬುರಗಿ ಕಡೆ ಸಿಗುವುದು ಕಷ್ಟ. ‘ತೊಗರಿ ಬಗ್ಗೆ ಇಂಗ್ಲಿಷಿನಲ್ಲಿ ಬರೆಯಿರಿ’ ಅಂದರೆ ಬರುವ ಹಾಳೆ ಹೀಗಿರುತ್ತದೆ: ‘ರೆಡ್‌ಗ್ರಾಂ ಈಸ್ ಮೇನ್ ಕ್ರಾಪ್ ಆಫ್ ಅವರ್ ಡಿಸ್ಟ್ರಿಕ್ಟ್. ಫಾರ್ಮರ್ ಈಸ್ ದ ಬ್ಯಾಕ್‌ಬೋನ್ ಆಫ್ ಇಂಡಿಯಾ. ಫಾರ್ಮರ್ಸ್ ಆರ್ ಫೇಸಿಂಗ್ ಮೆನಿ ಪ್ರಾಬ್ಲಮ್ಸ್. ಗವರ್ನ್‌ಮೆಂಟ್ ಶುಡ್ ಹೆಲ್ಪ್ ದ ಫಾರ್ಮರ್ಸ್.’ ನಾಲ್ಕು ಸಾಲು, ನಿಂತಿತು. ಇದರಲ್ಲಿ ಬಿಟ್ಟುಹೋದ ಆರ್ಟಿಕಲ್‌ಗಳನ್ನು ತಿದ್ದಿ ವಾಪಸ್ ಕೊಟ್ಟರೆ ಏನೂ ಬದಲಾಗುವುದಿಲ್ಲ. ಈ ನಾಲ್ಕೂ ಸಾಲಿನಲ್ಲಿ ಬರೆದವನಿಗೆ ಮಾತ್ರ ಗೊತ್ತಿರುವಂಥದ್ದು ಒಂದೂ ಇಲ್ಲ. ‘ಬ್ಯಾಕ್‌ಬೋನ್’ ಸಾಲು ಅವನದಲ್ಲ, ಎಂಟನೇ ತರಗತಿಯ ಪ್ರಬಂಧದಿಂದ ಅವನ ಜೊತೆ ಬಂದದ್ದು.

ಈಗ ಅದೇ ಹುಡುಗನನ್ನು ಕನ್ನಡದಲ್ಲಿ ಕೇಳಿ: ರಾಶಿ ಆದ ಕೂಡಲೇ ಯಾಕೆ ಮಾರಿಬಿಡುತ್ತೀರಿ? ಬೆಂಬಲ ಬೆಲೆತನಕ ಕಾಯಬಾರದೇ? ತರಗತಿಗೆ ಜೀವ ಬರುತ್ತದೆ. ‘ಬಿತ್ತೋ ಮುಂದ ಅಡತಿಯವರ ಕಡೆ ರೊಕ್ಕ ತಂದಿರ್ತಾರ್ರಿ ಮೇಡಂ, ಅವರಿಗೇ ಹಾಕಬೇಕಾಗ್ತದ’ ಎಂದು ಒಬ್ಬ (ಅಡತಿಯವರು ಅಂದರೆ ಮಾಲು ಮಾರಿಸಿಕೊಡುವ ದಲ್ಲಾಳಿಗಳು). ‘ಖರೀದಿ ಕೇಂದ್ರ ತಡಾ ತೆರೀತಾರ್ರಿ’ ಎಂದು ಮತ್ತೊಬ್ಬ. ‘ಮನ್ಯಾಗ ಇಟ್ರ ಹುಳ ಬೀಳ್ತದ್ರಿ, ಜಾಗಾನೂ ಇರಲ್ಲ’ ಎಂದು ಹಿಂದಿನ ಬೆಂಚಿನ ಹುಡುಗಿ. ಎರಡು ನಿಮಿಷದಲ್ಲಿ ಅರ್ಥಶಾಸ್ತ್ರದ ಮೂರು ಕಾರಣಗಳು ಬೋರ್ಡಿಗೆ ಬಂದವು: ಸಾಲದ ಕಟ್ಟು, ಸರ್ಕಾರದ ಖರೀದಿ ವಿಳಂಬ, ದಾಸ್ತಾನಿನ ಕೊರತೆ. ಇವನ್ನು ಬೋರ್ಡಿನ ಎಡಗಡೆ ಕನ್ನಡದಲ್ಲೇ ಬರೆಯಿರಿ. ಆಮೇಲೆ ಒಂದನ್ನು ಮಾತ್ರ ಆರಿಸಲು ಹೇಳಿ. ಈ ಆರಿಸುವ ಕೆಲಸಕ್ಕೆ ಪೂರ್ತಿ ಒಂದು ಪೀರಿಯಡ್ ಹೋದರೂ ಚಿಂತೆಯಿಲ್ಲ. ನಮ್ಮ ಮಕ್ಕಳಿಗೆ ಗೊತ್ತಿದ್ದದ್ದೆಲ್ಲ ಒಂದೇ ಕಡೆ ಸುರಿಯುವ ರೂಢಿಯಾಗಿದೆ, ಪರೀಕ್ಷೆಯಲ್ಲಿ ಎಷ್ಟು ಬರೆದರೆ ಅಷ್ಟು ಅಂಕ ಎಂಬ ನಂಬಿಕೆಯಿಂದ. ಒಂದು ಪ್ಯಾರಾಕ್ಕೆ ಒಂದೇ ಮಾತು ಎಂಬ ಶಿಸ್ತು ಇಲ್ಲಿಂದ ಶುರುವಾಗಲಿ.

ಸಾಲದ ಕಾರಣ ಆರಿಸಿದರು ಅನ್ನೋಣ. ಬಲಗಡೆ ಇಂಗ್ಲಿಷಿನ ಮೊದಲ ಸಾಲನ್ನು ಎಲ್ಲರೂ ಸೇರಿ ಕಟ್ಟಲಿ, ಚಾಕ್‌ಪೀಸ್ ನಿಮ್ಮ ಕೈಯಲ್ಲಿರಲಿ: ‘ಮೆನಿ ಸ್ಮಾಲ್ ಫಾರ್ಮರ್ಸ್ ಸೆಲ್ ದೇರ್ ರೆಡ್‌ಗ್ರಾಂ ಸೂನ್ ಆಫ್ಟರ್ ಹಾರ್ವೆಸ್ಟ್ ಬಿಕಾಸ್ ದೇ ಹ್ಯಾವ್ ಟು ರಿಪೇ ದ ಕಮಿಷನ್ ಏಜೆಂಟ್.’ ಈ ಸಾಲಿಗೆ ಯಾರಾದರೂ ‘ಇಲ್ಲ, ಹಾಗಲ್ಲ’ ಅನ್ನಬಹುದು. ‘ರೈತ ದೇಶದ ಬೆನ್ನೆಲುಬು’ ಎಂಬುದಕ್ಕೆ ಯಾರೂ ಇಲ್ಲ ಅನ್ನುವುದಿಲ್ಲ, ಅದಕ್ಕೇ ಅದರ ಮುಂದೆ ಬರೆಯಲು ಏನೂ ಉಳಿಯುವುದಿಲ್ಲ. ಇಲ್ಲ ಅನ್ನಲು ಆಸ್ಪದವಿರುವ ಸಾಲು ತಾನೇ ಮುಂದಿನ ಸಾಲನ್ನು ಬೇಡುತ್ತದೆ. ಆಗ ನೀವು ಕೇಳಬೇಕಾದದ್ದು ಒಂದೇ ಪ್ರಶ್ನೆ: ‘ನಿಂಗ ಹ್ಯಾಂಗ ಗೊತ್ತು?’

ಈ ಪ್ರಶ್ನೆಯ ಸುತ್ತಲೇ ನಿಮ್ಮ ಸೆಮಿಸ್ಟರ್ ತಿರುಗಲಿ. ‘ಎಲ್ಲರಿಗೂ ಗೊತ್ತದ್ರಿ’ ಎಂಬ ಉತ್ತರ ಒಪ್ಪಬೇಡಿ. ಮನೆಗೆ ಹೋಗಿ ಅಪ್ಪ, ಕಾಕಾನ ಹತ್ತಿರ ಅಡತಿ ಅಂಗಡಿಯವರು ಕೊಟ್ಟ ಪಟ್ಟಿ ಇದ್ದರೆ ನೋಡಿಕೊಂಡು ಬರಲಿ. ಅದರಲ್ಲಿ ತಾರೀಖು, ತೂಕ, ಬೆಲೆ, ಕಡಿತ ಎಲ್ಲ ಬರೆದಿರುತ್ತದೆ. 2024-25ರ ಮುಂಗಾರು ತೊಗರಿಗೆ ಕೇಂದ್ರ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 7,550 ರೂಪಾಯಿ ಇತ್ತು. ಪಟ್ಟಿಯ ಬೆಲೆಯನ್ನು ಆ ವರ್ಷದ ಬೆಂಬಲ ಬೆಲೆಯ ಪಕ್ಕದಲ್ಲಿಟ್ಟು ನೋಡಲಿ. ಕಡಿಮೆಯಿದ್ದರೆ ಎಷ್ಟು ಕಡಿಮೆ, ಹೆಚ್ಚಿದ್ದರೆ ಎಷ್ಟು ಹೆಚ್ಚು? ಹೆಚ್ಚಿದ್ದರೆ ಮೊದಲ ಸಾಲಿನ ಮಾತನ್ನೇ ತಿದ್ದಬೇಕಾಗುತ್ತದೆ, ಆಧಾರ ನೋಡಿದ ಮೇಲೆ ಅಭಿಪ್ರಾಯ ಬದಲಾಗುವುದು ಎಂದರೇನು ಎಂದು ಮಕ್ಕಳು ಕಣ್ಣಾರೆ ಕಾಣುವ ಕ್ಷಣ ಅದು. ಪಟ್ಟಿಯಲ್ಲಿ ಹೆಸರು, ಖಾತೆ ಇರುತ್ತದೆ, ಅವನ್ನು ಬರೆಯಬಾರದು ಎಂಬುದನ್ನೂ ಆಗಲೇ ಹೇಳಿಕೊಡಿ. ಮನೆಯಲ್ಲಿ ಹೊಲವಿಲ್ಲದ ಮಕ್ಕಳು ತರಗತಿಯಲ್ಲಿ ಇದ್ದೇ ಇರುತ್ತಾರೆ. ಅವರಿಗೆ ಕೂಲಿಯ ದರ, ಗುಳೆ, ಬಸ್ ಪಾಸು, ಹಾಸ್ಟೆಲ್ ಊಟ ಯಾವುದಾದರೂ ಆಗಲಿ. ತನ್ನ ಕೈಗೆ ಸಿಗುವ ಆಧಾರ ಇರುವ ವಿಷಯವಾದರೆ ಸಾಕು.

ಎರಡನೇ, ಮೂರನೇ ಸಾಲು ಆ ಆಧಾರದಿಂದ ಬರುತ್ತವೆ. ನಾಲ್ಕನೇ ಸಾಲಿಗೆ ‘ಹಾಂಗಂದ್ರ ಏನಾಯ್ತು?’ ಎಂದು ಕೇಳಿ. ಬೆಲೆಯ ವ್ಯತ್ಯಾಸ ಸಾಲದ ಕಾರಣಕ್ಕೇ ಬಂತು ಎಂದು ಹೇಗೆ ಹೇಳುತ್ತೀರಿ? ಬಿತ್ತನೆ ಹೊತ್ತಿಗೆ ಹಣ ಕೊಟ್ಟವರಿಗೇ ಮಾಲು ಹಾಕುವ ಕಟ್ಟುಪಾಡು ಇದ್ದರೆ ಬೇರೆ ಕಡೆ ಬೆಲೆ ವಿಚಾರಿಸಲು ರೈತನಿಗೆ ಅವಕಾಶವಿಲ್ಲ ಎಂಬ ವಿವರಣೆ ಬಂದೇ ಬರುತ್ತದೆ. ಐದನೇ ಸಾಲಿನಲ್ಲಿ ಎದುರಿನವರ ಮಾತು ಬರಲಿ: ಅಡತಿ ಸಾಹುಕಾರರೇ ಕಷ್ಟಕಾಲಕ್ಕೆ ಕೈಹಿಡಿಯುತ್ತಾರೆ, ಬ್ಯಾಂಕಿನವರು ಅಷ್ಟು ಬೇಗ ಕೊಡುವುದಿಲ್ಲ ಎಂದು ಹೇಳುವವರು ಊರಲ್ಲಿ ಇರುತ್ತಾರಲ್ಲ? ಆ ಮಾತನ್ನು ನ್ಯಾಯವಾಗಿ ಬರೆದು, ಆರನೇ ಸಾಲಿನಲ್ಲಿ ತನ್ನ ಉತ್ತರ ಹೇಳಲಿ. ಈಗ ಪ್ಯಾರಾ ಮುಗಿಯಿತು. ನಾಲ್ಕು ಸಾಲಿಗೆ ನಿಲ್ಲುತ್ತಿದ್ದ ಹುಡುಗ ಆರಕ್ಕೆ ಬಂದದ್ದು ಪದಸಂಪತ್ತು ಹೆಚ್ಚಿ ಅಲ್ಲ, ನೀವು ಪ್ರತಿ ಸಾಲಿನ ಹಿಂದೆ ಒಂದು ಪ್ರಶ್ನೆ ಇಟ್ಟಿದ್ದಕ್ಕೆ.

ಎದುರಿನವರ ಮಾತು ಮೊದಲು, ತನ್ನ ಉತ್ತರ ಆಮೇಲೆ ಎಂಬ ಈ ಕ್ರಮ ಇಂಗ್ಲಿಷಿನವರದು, ನಮಗೆ ಒಗ್ಗದ್ದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣವೇ ಅಂದಿನ ಚಾಲುಕ್ಯರ ಕಲ್ಯಾಣ. ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಅಲ್ಲಿ ವಿಜ್ಞಾನೇಶ್ವರ ಬರೆದ ಧರ್ಮಶಾಸ್ತ್ರದ ವ್ಯಾಖ್ಯಾನ ಮಿತಾಕ್ಷರ ನಡೆಯುವುದೇ ಈ ದಾರಿಯಲ್ಲಿ: ಹಿಂದಿನವರು ಹೇಳಿದ್ದು ಇದು, ಅದಕ್ಕೆ ಆಕ್ಷೇಪ ಇದು, ನನ್ನ ನಿರ್ಣಯ ಇದು. ಇದನ್ನು ಹೇಳುವುದಕ್ಕೆ ಕಾರಣವಿದೆ. 1966ರಲ್ಲಿ ಅಮೆರಿಕದ ರಾಬರ್ಟ್ ಕಪ್ಲಾನ್ ಎಂಬುವವರು ಇಂಗ್ಲಿಷಿನವರ ಬರಹ ನೇರ ಗೆರೆ, ಪೂರ್ವದವರ ಬರಹ ಸುರುಳಿ ಎಂದು ಚಿತ್ರ ಬರೆದು ತೋರಿಸಿದರು. ಅದು ಅತಿಯಾಯಿತು ಎಂದು ಮುಂದೆ ಅವರೇ ಒಪ್ಪಿಕೊಂಡರು. ಆದರೆ ಆ ಚಿತ್ರ ಇಂದಿಗೂ ತರಬೇತಿ ಶಿಬಿರಗಳಲ್ಲಿ ತಿರುಗಾಡುತ್ತಿದೆ. ನಿಮ್ಮ ಯೋಚನೆಯೇ ಸೊಟ್ಟಗಿದೆ ಎಂದು ಕೇಳಿಸಿಕೊಂಡ ಹುಡುಗಿ ಮತ್ತೆ ಕೈ ಎತ್ತಿ ಮಾತಾಡುವುದಿಲ್ಲ. ದಯವಿಟ್ಟು ಆ ಚಿತ್ರವನ್ನು ತರಗತಿಗೆ ತರಬೇಡಿ.

ಎಷ್ಟು ಖಚಿತ ಎಂದು ಹೇಳುವ ವಿಚಾರಕ್ಕೆ ಬರೋಣ, ನಮ್ಮ ಮಕ್ಕಳ ಬರಹ ಹೆಚ್ಚು ಸೋಲುವುದು ಇಲ್ಲಿ. ಇಂಗ್ಲಿಷಿನಲ್ಲಿ ಬರೆದಾಗ ಎಲ್ಲವೂ ಶಾಸನದ ಹಾಗೆ ಇರುತ್ತದೆ: ಎಲ್ಲ ರೈತರು, ಯಾವಾಗಲೂ, ಖಂಡಿತ. ಮಾತಾಡುವಾಗ ಅವರು ಹೀಗಿಲ್ಲ. ‘ಬಂದಾನ’ ಅಂದರೆ ಕಂಡದ್ದು, ‘ಬಂದಾನಂತ’ ಅಂದರೆ ಕೇಳಿದ್ದು, ‘ಬಂದಿರಬೇಕು’ ಅಂದರೆ ಲೆಕ್ಕ ಹಾಕಿದ್ದು, ‘ಬಂದಿರಬಹುದು’ ಅಂದರೆ ಅನುಮಾನ ಉಳಿದದ್ದು. ಓದದ ಅಜ್ಜಿಯೂ ಇವನ್ನು ಬೆರೆಸುವುದಿಲ್ಲ. ಇಂಗ್ಲಿಷ್ ಅಕಾಡೆಮಿಕ್ ಬರಹ ಕೇಳುವುದೂ ಇದನ್ನೇ. ಬೋರ್ಡಿನ ಮೇಲೆ ಈ ನಾಲ್ಕು ರೂಪ ಬರೆದು ಎದುರಿಗೆ ಸಾಧನಗಳನ್ನು ಕೊಡಿ: ಕೇಳಿದ್ದಕ್ಕೆ ‘ಅಕಾರ್ಡಿಂಗ್ ಟು’, ಲೆಕ್ಕ ಹಾಕಿದ್ದಕ್ಕೆ ‘ದಿಸ್ ಸಜೆಸ್ಟ್ಸ್ ದಟ್’, ಅನುಮಾನ ಇದ್ದಲ್ಲಿ ‘ಮೇ’, ‘ಪರ್‌ಹ್ಯಾಪ್ಸ್’. 2022ರಲ್ಲಿ ಕಲಬುರಗಿ ಭಾಗದಲ್ಲಿ ತೊಗರಿಗೆ ನೆಟೆ ರೋಗ ಜೋರಾಗಿ ಬಿದ್ದದ್ದು ಎಲ್ಲರಿಗೂ ನೆನಪಿದೆ. ‘ಮಳೆ ಹೆಚ್ಚಾಗಿದ್ದಕ್ಕೆ ನೆಟೆ ಬಿತ್ತು’ ಎಂದು ಒಬ್ಬ ಬರೆದರೆ ಅವನಿಗೆ ಕೇಳಿ: ನೀನು ಕಂಡದ್ದೋ, ಕೃಷಿ ಇಲಾಖೆಯವರು ಹೇಳಿದ್ದೋ, ನಿನ್ನ ಲೆಕ್ಕವೋ? ನೆಟೆ ತರುವುದು ಮಣ್ಣಿನಲ್ಲಿರುವ ಶಿಲೀಂಧ್ರ, ಹೊಲದ ತೇವ ಅದಕ್ಕೆ ಅನುಕೂಲ ಮಾಡಿಕೊಟ್ಟಿರಬಹುದು. ‘ಕಾರಣ’ ಮತ್ತು ‘ಅನುಕೂಲ’ ಬೇರೆ ಬೇರೆ ಎಂದು ಗೊತ್ತಾದ ದಿನ ಅವನ ಇಂಗ್ಲಿಷ್ ವಾಕ್ಯವೂ ಬದಲಾಗುತ್ತದೆ. ಈ ಪಾಠಕ್ಕೆ ನಾನು ಎರಡು ವಾರ ಕೊಡುತ್ತೇನೆ, ನೀವೂ ಕೊಡಿ.

ಇನ್ನು ನಕಲು. ಪಿಎಚ್.ಡಿ. ಮಟ್ಟದಲ್ಲಿ ಇದು ಕಾನೂನಿನ ವಿಷಯ. ಯುಜಿಸಿಯ 2018ರ ನಿಯಮದ ಪ್ರಕಾರ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ. 10ರಿಂದ 40ರವರೆಗೆ ಇದ್ದರೆ ತಿದ್ದಿ ಮತ್ತೆ ಸಲ್ಲಿಸಬೇಕು, 40ರಿಂದ 60 ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ, 60 ಮೀರಿದರೆ ನೋಂದಣಿಯೇ ರದ್ದು. ಮೊದಲ ಸೆಮಿಸ್ಟರ್ ಮಕ್ಕಳಿಗೆ ಈ ಅಂಕಿಗಳನ್ನು ತೋರಿಸಿ ಹೆದರಿಸುವುದರಿಂದ ಪ್ರಯೋಜನವಿಲ್ಲ. ಹೆದರಿದವರು ನಾಲ್ಕು ಪದ ಬದಲಾಯಿಸಿ ತರುತ್ತಾರೆ, ಅಷ್ಟೇ. ಅಮೆರಿಕದ ರೆಬೆಕಾ ಹೊವಾರ್ಡ್ ಇಂಥ ತೇಪೆಯ ಬರಹದ ಮೇಲೆ ಬಹಳ ಕೆಲಸ ಮಾಡಿದ್ದಾರೆ. ಅದು ಮೋಸಕ್ಕಿಂತ ಹೆಚ್ಚಾಗಿ ಕಲಿಯುವವರು ಹಾಯಲೇಬೇಕಾದ ಒಂದು ಹಂತ ಎಂಬುದು ಅವರ ವಾದ, ನನಗದು ಒಪ್ಪಿಗೆ. ನಮ್ಮ ಮನೆಗಳಲ್ಲಿ ಕೌದಿ ಹೊಲಿಯುವವರು ಹಳೇ ಸೀರೆ, ಧೋತರದ ತುಂಡು ಸೇರಿಸಿಯೇ ಹೊಲಿಯುತ್ತಾರೆ, ಯಾವ ತುಂಡು ಯಾರ ಸೀರೆಯದು ಎಂದು ಕೇಳಿದರೆ ಬೆರಳಿಟ್ಟು ಹೇಳುತ್ತಾರೆ. ಮೊದಲ ವರ್ಷದಲ್ಲಿ ಅಷ್ಟು ಬಂದರೆ ಸಾಕು: ಯಾವ ಮಾತು ಯಾರದು ಎಂದು ಹೇಳುವುದು.

ಇದಕ್ಕೊಂದು ಅಭ್ಯಾಸ. ಪ್ರಾದೇಶಿಕ ಅಸಮತೋಲನದ ಅಧ್ಯಯನಕ್ಕೆ ನೇಮಿಸಿದ್ದ ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 21 ಆಗಿನ ಗುಲ್ಬರ್ಗ ವಿಭಾಗದವು. ಈ ಸಂಗತಿಯನ್ನು ಸರಳ ಇಂಗ್ಲಿಷಿನಲ್ಲಿ ಮೂರು ವಾಕ್ಯ ಮಾಡಿ ಕೊಡಿ. ಮಕ್ಕಳು ಎರಡು ಸಲ ಓದಲಿ, ಹಾಳೆ ಮಗುಚಿಡಲಿ, ಪಕ್ಕದವರಿಗೆ ತಮ್ಮ ಭಾಷೆಯಲ್ಲಿ ಬಾಯಲ್ಲಿ ಹೇಳಲಿ. ಆಮೇಲೆ ಹಾಳೆ ನೋಡದೆ ಇಂಗ್ಲಿಷಿನಲ್ಲಿ ಎರಡು ವಾಕ್ಯ ಬರೆಯಲಿ, ಮೊದಲ ವಾಕ್ಯ ‘ದ ನಂಜುಂಡಪ್ಪ ಕಮಿಟಿ ಫೌಂಡ್ ದಟ್’ ಎಂದೇ ಶುರುವಾಗಬೇಕು. ಕೊನೆಗೆ ಹಾಳೆ ತೆರೆದು ಅಂಕಿ ಸರಿಯಿದೆಯೇ ನೋಡಿಕೊಳ್ಳಲಿ. ಬಾಯಲ್ಲಿ ಹೇಳುವ ಹೆಜ್ಜೆಯನ್ನು ಎಂದೂ ಬಿಡಬೇಡಿ. ಮೂಲದ ಇಂಗ್ಲಿಷ್ ಕಣ್ಣ ಮುಂದಿದ್ದರೆ ಎಂಥವರೂ ನಕಲು ಮಾಡುತ್ತಾರೆ, ಒಮ್ಮೆ ಬೇರೆ ಭಾಷೆಯಲ್ಲಿ ಹಾದು ಬಂದರೆ ವಾಕ್ಯ ತಾನೇ ಹೊಸದಾಗಿ ಹುಟ್ಟುತ್ತದೆ. ಸೆಮಿಸ್ಟರ್ ಮುಂದೆ ಹೋದಂತೆ ‘ಫೌಂಡ್’ ಜಾಗದಲ್ಲಿ ‘ಆರ್ಗ್ಯೂಸ್’, ‘ಕ್ಲೇಮ್ಸ್’, ‘ಪಾಯಿಂಟ್ಸ್ ಔಟ್’, ‘ಅಡ್ಮಿಟ್ಸ್’ ಬರಲಿ, ಒಂದೊಂದಕ್ಕೂ ಇರುವ ವ್ಯತ್ಯಾಸ ಮಾತಾಡಿ. ಆವೆರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ಅಕಾಡೆಮಿಕ್ ಪದಪಟ್ಟಿಯಲ್ಲಿ 570 ಪದಕುಟುಂಬಗಳಿವೆ (ಒಂದು ಪದ ಮತ್ತು ಅದರಿಂದ ಹುಟ್ಟಿದ ರೂಪಗಳು ಸೇರಿ ಒಂದು ಕುಟುಂಬ). ಉಪಯುಕ್ತ ಪಟ್ಟಿ, ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಝೆರಾಕ್ಸ್ ಮಾಡಿಸಿ ಮಕ್ಕಳಿಗೆ ಹಂಚಿದರೆ ಮಾತ್ರ ಅದನ್ನೂ ಬಾಯಿಪಾಠ ಮಾಡಿಬಿಡುತ್ತಾರೆ.

‘ತಮ್ಮ ಭಾಷೆಯಲ್ಲಿ’ ಎಂದೆ. ಅದು ಕನ್ನಡವೇ ಆಗಿರಬೇಕೆಂದಿಲ್ಲ. ತಾಂಡಾದಿಂದ ಬಂದ ಹುಡುಗಿಗೆ ಮನೆಯಲ್ಲಿ ಲಂಬಾಣಿ, ಕನ್ನಡವನ್ನು ಆಕೆ ಶಾಲೆಯಲ್ಲಿ ಕಲಿತದ್ದು. ಗುರುಮಠಕಲ್ ಕಡೆಯವರಿಗೆ ತೆಲುಗು ಬಾಯಲ್ಲಿರುತ್ತದೆ, ಬೀದರ್ ಕಡೆ ಮರಾಠಿ ಮತ್ತು ಉರ್ದು ಮಾಧ್ಯಮದಲ್ಲೇ ಓದಿ ಬಂದವರಿದ್ದಾರೆ. ಎಲ್ಲರಿಗೂ ಕನ್ನಡದಲ್ಲಿ ವಿವರಿಸಿಬಿಟ್ಟರೆ ಕೆಲಸ ಮುಗಿಯಿತು ಎಂದುಕೊಂಡರೆ ಈ ಮಕ್ಕಳು ಎರಡು ಸಲ ಹಿಂದೆ ಬೀಳುತ್ತಾರೆ. ಗುಂಪು ಮಾಡುವಾಗ ಇದನ್ನು ಗಮನಿಸಿ. ಚರ್ಚೆ ಯಾವ ಭಾಷೆಯಲ್ಲಾದರೂ ನಡೆಯಲಿ, ಟಿಪ್ಪಣಿ ಯಾವ ಲಿಪಿಯಲ್ಲಾದರೂ ಇರಲಿ, ಕೊನೆಯ ಪ್ಯಾರಾ ಮಾತ್ರ ಇಂಗ್ಲಿಷಿನಲ್ಲಿ ಬರಲಿ. ‘ಕ್ಲಾಸಿನಲ್ಲಿ ಓನ್ಲಿ ಇಂಗ್ಲಿಷ್’ ಎಂಬ ಫಲಕ ಇದ್ದರೆ ತೆಗೆಸಿಬಿಡಿ.

ಈಗ ವ್ಯಾಕರಣ. ಏಳನೇ ವಾರದಿಂದ ಶುರುಮಾಡಿ, ಆದರೆ ಪಠ್ಯದ ಅಧ್ಯಾಯದ ಕ್ರಮ ಬಿಟ್ಟು ಅವರ ಹಾಳೆಗಳಿಂದಲೇ ತಪ್ಪು ಹೆಕ್ಕಿ. ಓದುವವರಿಗೆ ಅರ್ಥವೇ ಆಗದಂತೆ ಮಾಡುವ ತಪ್ಪು ಮೊದಲು. ನಮ್ಮ ಮಕ್ಕಳಲ್ಲಿ ಅಂಥದ್ದು ಮುಖ್ಯವಾಗಿ ಎರಡು. ಒಂದು, ಉದ್ದುದ್ದ ಸಾಲು. ‘ರಾಶಿ ಮಾಡಿ, ಚೀಲ ತುಂಬಿ, ಟ್ರಾಕ್ಟರಿಗೆ ಹಾಕಿ, ಮಾರುಕಟ್ಟೆಗೆ ಒಯ್ದು ಮಾರಿದರು’ ಎಂದು ಕನ್ನಡದಲ್ಲಿ ಒಂದೇ ಉಸಿರಿಗೆ ಹೇಳಬಹುದು, ಕೊನೆಯ ಕ್ರಿಯಾಪದ ಎಲ್ಲವನ್ನೂ ಹಿಡಿದಿಡುತ್ತದೆ. ಇಂಗ್ಲಿಷಿನಲ್ಲಿ ಅದು ‘ಆ್ಯಂಡ್’, ‘ಆ್ಯಂಡ್’, ‘ಆ್ಯಂಡ್’ ಆಗಿ ಅರ್ಧ ಪುಟ ಹರಿಯುತ್ತದೆ. ಪ್ರತಿ ಸಾಲಿಗೆ ಒಂದು, ಹೆಚ್ಚೆಂದರೆ ಎರಡು ಕ್ರಿಯಾಪದ ಎಂಬ ನಿಯಮ ಕೆಲವು ವಾರ ಕಟ್ಟುನಿಟ್ಟಾಗಿ ಇಡಿ. ಇನ್ನೊಂದು, ನಾಮಪದದ ಮುಂದೆ ಎಲ್ಲವನ್ನೂ ಪೇರಿಸುವುದು. ‘ತೊಗರಿ ಬೆಲೆ ಇಳಿದ ಕಾರಣ’ ಎಂಬುದು ‘ರೆಡ್‌ಗ್ರಾಂ ಪ್ರೈಸ್ ಡಿಕ್ರೀಸ್ ರೀಸನ್’ ಆಗಿ ಬರುತ್ತದೆ. ಅದನ್ನು ‘ದ ರೀಸನ್ ವೈ ದ ಪ್ರೈಸ್ ಫೆಲ್’ ಎಂದು ಬಿಡಿಸುವುದನ್ನು ಹತ್ತಾರು ಉದಾಹರಣೆ ಕೊಟ್ಟು ಮಾಡಿಸಿ. ‘ಎ’, ‘ದ’ಗಳ ತಪ್ಪು ಕಡೆಗೆ ನೋಡಿದರಾಯಿತು. ಕನ್ನಡದಲ್ಲಿ ಆರ್ಟಿಕಲ್ ಇಲ್ಲ, ಆದ್ದರಿಂದ ಅದು ಎಲ್ಲಕ್ಕಿಂತ ತಡವಾಗಿ ಬರುತ್ತದೆ. ಅದು ತಪ್ಪಿದರೆ ಅರ್ಥವೂ ಅಷ್ಟೇನೂ ಕೆಡುವುದಿಲ್ಲ.

ಅರವತ್ತು ಹಾಳೆ ತಿದ್ದುವುದು ನಿಮ್ಮ ಇನ್ನೊಂದು ಸಂಕಟ. ಅತಿಥಿ ಉಪನ್ಯಾಸಕರ ಸಂಬಳ, ಕೆಲಸದ ಹೊರೆ ನನಗೆ ಗೊತ್ತಿಲ್ಲದ್ದಲ್ಲ. 1996ರಲ್ಲಿ ಜಾನ್ ಟ್ರಸ್ಕಾಟ್ ಎಂಬುವವರು ಬರಹದ ವ್ಯಾಕರಣ ತಿದ್ದುವುದರಿಂದ ಕಲಿಯುವವರಿಗೆ ಲಾಭವಿಲ್ಲ, ಹಾನಿಯೇ ಹೆಚ್ಚು ಎಂದು ಬರೆದು ದೊಡ್ಡ ವಾದ ಎಬ್ಬಿಸಿದರು. ಆಯ್ದು, ಸ್ಪಷ್ಟವಾಗಿ ತಿದ್ದಿದರೆ ಉಪಯೋಗವಿದೆ ಎಂದು ಡಾನಾ ಫೆರಿಸ್ ಉತ್ತರ ಕೊಟ್ಟರು. ನಾನು ಫೆರಿಸ್ ಪರ. ಆದರೆ ಹಾಳೆ ತುಂಬ ಕೆಂಪು ಗೀಟು ಎಳೆಯುವುದರ ಪರ ಇಬ್ಬರೂ ಇಲ್ಲ. ಆ ವಾರ ಕಲಿಸಿದ ಒಂದು ವಿಷಯವನ್ನಷ್ಟೇ ನೋಡಿ, ತಪ್ಪಿದ ಕಡೆ ಗುರುತು ಮಾತ್ರ ಹಾಕಿ, ಅವರೇ ತಿದ್ದಲಿ. ಅದರ ಜೊತೆ ಅವರು ಹೇಳಿದ ವಿಷಯದ ಬಗ್ಗೆ ಒಂದು ಪ್ರಶ್ನೆ ಬರೆಯಿರಿ: ‘ಈ ಬೆಲೆ ಯಾವ ತಿಂಗಳದ್ದು?’ ಅಂಥದ್ದು. ತಾವು ಬರೆದದ್ದನ್ನು ಯಾರೋ ನಿಜವಾಗಿ ಓದಿದರು ಎಂದು ಗೊತ್ತಾದರೆ ಹುಡುಗರು ಎರಡನೇ ಸಲ ಬರೆಯುತ್ತಾರೆ. ವಾರಕ್ಕೆ ಹದಿನೈದು ಹಾಳೆ ಸಾಕು, ತಿಂಗಳಲ್ಲಿ ಎಲ್ಲರಿಗೂ ಒಂದು ಸುತ್ತು ಬರುತ್ತದೆ. ಉಳಿದ ವಾರಗಳಲ್ಲಿ ಜೋಡಿಯಾಗಿ ಕೂತು ಒಬ್ಬರ ಹಾಳೆಗೆ ಇನ್ನೊಬ್ಬರು ‘ನಿಂಗ ಹ್ಯಾಂಗ ಗೊತ್ತು?’ ಎಂದು ಕೇಳಲಿ. ಅದಕ್ಕೆ ಯಾವ ಇಂಗ್ಲಿಷೂ ಬೇಕಿಲ್ಲ.

ಮೊಬೈಲಿನ ಮಾತು. ಚಾಟ್‌ಜಿಪಿಟಿ ಬಂದ ಮೇಲೆ ಮನೆಯಿಂದ ಬರೆದು ತಂದ ಹಾಳೆಯಿಂದ ಏನನ್ನೂ ಅಳೆಯಲು ಆಗುವುದಿಲ್ಲ, ಇದನ್ನು ಒಪ್ಪಿಕೊಂಡು ಮುಂದೆ ಹೋಗೋಣ. ಮೊದಲ ಕರಡು ತರಗತಿಯಲ್ಲೇ, ಕೈಯಲ್ಲೇ ಬರೆಯಿಸಿ, ನಿಮ್ಮ ಬಳಿ ಇಟ್ಟುಕೊಳ್ಳಿ. ತಿದ್ದಿ ಬರೆದದ್ದನ್ನು ಅದಕ್ಕೆ ಪಿನ್ ಹೊಡೆದು ಕೊಡಲಿ. ಸಂದೇಹ ಬಂದರೆ ಕರೆದು ‘ಈ ಸಾಲು ವಿವರಿಸು’ ಎಂದು ಅವರ ಭಾಷೆಯಲ್ಲೇ ಕೇಳಿ, ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ. ಅಪ್ಪನ ಪಟ್ಟಿಯಂಥ ಆಧಾರ ಕೇಳುವುದರ ಇನ್ನೊಂದು ಲಾಭವೂ ಇಲ್ಲಿದೆ: ಶಹಾಪುರದ ಅಡತಿ ಅಂಗಡಿಯ ಪಟ್ಟಿಯಲ್ಲಿ ಏನಿದೆ ಎಂದು ಆ ಯಂತ್ರಕ್ಕೆ ಗೊತ್ತಿರುವುದಿಲ್ಲ. ಪದದ ಅರ್ಥ ನೋಡಲು, ಉಚ್ಚಾರ ಕೇಳಲು ಮೊಬೈಲ್ ಬಳಸಲಿ, ಅದಕ್ಕೆ ನನ್ನ ಅಡ್ಡಿಯಿಲ್ಲ.

ಮುಂದೆ ಗುಲ್ಬರ್ಗ ವಿಶ್ವವಿದ್ಯಾಲಯಕ್ಕೋ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೋ ಹೋಗಬೇಕೆಂದಿರುವ ನಾಲ್ಕೈದು ಮಕ್ಕಳನ್ನು ಕೊನೆಯ ವರ್ಷದಲ್ಲಿ ಬೇರೆಯಾಗಿ ಕೂರಿಸಿಕೊಳ್ಳಿ. ಜಾನ್ ಸ್ವೇಲ್ಸ್ 1990ರಲ್ಲಿ ಸಂಶೋಧನಾ ಲೇಖನಗಳ ಪೀಠಿಕೆಯನ್ನು ಬಿಡಿಸಿ ಮೂರು ನಡೆ ತೋರಿಸಿದರು: ಈ ವಿಷಯ ಯಾಕೆ ಮುಖ್ಯ, ಇಲ್ಲಿಯತನಕ ಯಾವುದನ್ನು ನೋಡಿಲ್ಲ, ನಾನು ಏನು ನೋಡುತ್ತೇನೆ. ತೊಗರಿಯ ಪ್ಯಾರಾ ಬರೆದವರಿಗೆ ಇದು ಒಂದು ವಾರದ ಪಾಠ. ಮೊದಲ ಸೆಮಿಸ್ಟರ್‌ಗೆ ಬೇಡ.

ಕೊನೆಯದಾಗಿ, ನಿಮ್ಮ ಕಾಲೇಜಿನಲ್ಲಿ ಮಾಡಿಸಿಕೊಳ್ಳಬೇಕಾದ ಎರಡು ಕೆಲಸ. ಅರ್ಥಶಾಸ್ತ್ರ, ವಾಣಿಜ್ಯ, ಇತಿಹಾಸದ ಸಹೋದ್ಯೋಗಿಗಳಿಂದ ಅವರು ಕೊಡುವ ಅಸೈನ್‌ಮೆಂಟ್ ಪ್ರಶ್ನೆಗಳನ್ನು ಕೇಳಿ ತನ್ನಿ. ‘ಡಿಸ್ಕಸ್’, ‘ಕಂಪೇರ್’, ‘ಕ್ರಿಟಿಕಲಿ ಎಕ್ಸಾಮಿನ್’ ಎಂಬ ಮೂರಕ್ಕೂ ಮಕ್ಕಳು ಒಂದೇ ಉತ್ತರ ಬರೆಯುತ್ತಿರುತ್ತಾರೆ, ಒಂದೊಂದೂ ಏನನ್ನು ಕೇಳುತ್ತದೆ ಎಂದು ಆ ಪ್ರಶ್ನೆಗಳನ್ನೇ ಹಿಡಿದು ಮಾಡಿಸಿದರೆ ಇಂಗ್ಲಿಷ್ ತರಗತಿಗೆ ಬೇರೆ ವಿಷಯದವರ ಬೆಂಬಲವೂ ಸಿಗುತ್ತದೆ. ಎರಡನೆಯದು ಅಂಕ. ಆಂತರಿಕ ಮೌಲ್ಯಮಾಪನದಲ್ಲಿ ಅಸೈನ್‌ಮೆಂಟಿಗೆ ಇರುವ ಅಂಕದಲ್ಲಿ ಅರ್ಧವನ್ನು ಮೊದಲ ಕರಡಿನಿಂದ ಎರಡನೇ ಕರಡಿಗೆ ಆದ ಬದಲಾವಣೆಗೆ ಕೊಡುತ್ತೇನೆ ಎಂದು ಪ್ರಿನ್ಸಿಪಾಲರ ಬಳಿ ಸೆಮಿಸ್ಟರ್ ಆರಂಭದಲ್ಲೇ ಬರವಣಿಗೆಯಲ್ಲಿ ಒಪ್ಪಿಗೆ ತೆಗೆದುಕೊಂಡು, ನೋಟಿಸ್ ಬೋರ್ಡಿಗೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹಚ್ಚಿ. ಒಪ್ಪಿಗೆ ಸಿಗದಿದ್ದರೆ ಅರ್ಧದ ಬದಲು ಎರಡೇ ಅಂಕ ಕೇಳಿ, ಅಷ್ಟಕ್ಕೂ ಹುಡುಗರು ಎರಡನೇ ಸಲ ಬರೆಯುತ್ತಾರೆ.